ಟಿಕೆಟ್ ಕೊಟ್ಟವರೇ ಬೋಗಿಯನ್ನೂ ತೋರಿಸಬೇಕು

ರೈಲ್ವೆ ಪ್ಲಾಟ್‌ಫಾರಂ ಮೇಲೆ ನಮ್ಮ ಕಡೆಯ ಜನ ಅತಿ ಹೆಚ್ಚು ಕೇಳಿಸಿಕೊಳ್ಳುವ ಬೈಗುಳ ಒಂದಿದೆ. "ಬೋಗಿ ನೋಡ್ಕೊಂಡ್ ಹತ್ತಕ್ಕಾಗಲ್ವಾ?" ಟಿಕೆಟ್ ನೋಡಲು ಬಂದವರು ಹೀಗೆ ಅನ್ನುತ್ತಾರೆ. ಕಿಟಕಿ ಪಕ್ಕ ಕಾಲು ಚಾಚಿ ಕೂತವರು ಅನ್ನುತ್ತಾರೆ. ಊರಿಗೆ ವಾಪಸ್ ಬಂದು ಆದದ್ದನ್ನು ಹೇಳಿಕೊಂಡರೆ ಮನೆಯವರೂ ಅದನ್ನೇ ಅನ್ನುತ್ತಾರೆ.

ಈ ಮಾತು ಕೇಳಿದವರು ತಲೆ ತಗ್ಗಿಸಬೇಕಿಲ್ಲ. ತಿರುಗಿ ಒಂದು ಮಾತು ಕೇಳಬೇಕು: ನೋಡಿಕೊಂಡು ಹತ್ತಲು ಅಲ್ಲಿ ಏನು ಬರೆದಿತ್ತು? ಯಾವ ಭಾಷೆಯಲ್ಲಿ ಬರೆದಿತ್ತು? ಗಾಡಿ ಬರುವುದಕ್ಕೆ ಎಷ್ಟು ಹೊತ್ತು ಮುಂಚೆ ಬರೆದಿತ್ತು?

ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟ ಮೇಲೆ, ಆ ಟಿಕೆಟ್ಟಿನ ಬೋಗಿ ಪ್ಲಾಟ್‌ಫಾರಂನ ಯಾವ ಜಾಗದಲ್ಲಿ ನಿಲ್ಲುತ್ತದೆ ಎಂದು ತೋರಿಸುವುದೂ ರೈಲ್ವೆಯ ಕೆಲಸ. ಚಿಕ್ಕ ನಿಲ್ದಾಣಗಳಲ್ಲಿ ಆ ಕೆಲಸ ಆಗುತ್ತಿಲ್ಲ. ಆಗದ ಕೆಲಸದ ತಪ್ಪನ್ನು ಹಳ್ಳಿಯವರ ತಲೆಗೆ ಕಟ್ಟಲಾಗುತ್ತಿದೆ. ಈ ಬರಹದಲ್ಲಿ ಹೇಳುವುದು ಇಷ್ಟೇ. ಹೇಗೆ ಎಂದು ಒಂದೊಂದಾಗಿ ನೋಡೋಣ.

ಒಂದು ತಾಲೂಕಿಗೆ ರೈಲಿದೆ, ಪಕ್ಕದ ತಾಲೂಕಿಗಿಲ್ಲ

ನಂಜನಗೂಡು ರೈಲಿಗೆ ಹೊಸದಲ್ಲ. ಮೈಸೂರಿನಿಂದ ಇಲ್ಲಿಗೆ ರೈಲು ಬಂದದ್ದು 1891ರಲ್ಲಿ. ಆಮೇಲೆ ದಾರಿ ಚಾಮರಾಜನಗರದ ತನಕ ಬೆಳೆಯಿತು, ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಆಯಿತು. ಕಡಕೊಳ, ತಾಂಡವಪುರ, ಕವಲಂದೆ, ಬದನಗುಪ್ಪೆ ಕಡೆಯ ಜನಕ್ಕೆ ಲೋಕಲ್ ಗಾಡಿ ದಿನದ ಬಳಕೆ. ಕಾರ್ಖಾನೆಗೆ ಹೋಗುವವರು, ಕಾಲೇಜು ಮಕ್ಕಳು, ಹುಣ್ಣಿಮೆಗೆ ನಂಜುಂಡೇಶ್ವರನ ದರ್ಶನಕ್ಕೆ ಬರುವವರು ಎಲ್ಲರೂ ಅದರಲ್ಲೇ ಓಡಾಡುತ್ತಾರೆ.

ಪಕ್ಕದ ತಿರುಮಕೂಡಲು ನರಸೀಪುರಕ್ಕೆ ಹಳಿಯೇ ಇಲ್ಲ. ಅಲ್ಲಿಯವರು ರೈಲು ಹತ್ತಬೇಕಾದರೆ ಮೊದಲು ಬಸ್ ಹಿಡಿದು ಮೈಸೂರಿಗೋ ನಂಜನಗೂಡಿಗೋ ಬರಬೇಕು. ಮದುವೆಯಾದ ಮೇಲೆ ತಿರುಪತಿಗೆ ಹೊರಟಾಗಲೋ, ಮಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೋ ಮೊದಲ ಸಲ ರೈಲು ಹತ್ತುವವರು ಆ ಕಡೆ ಈಗಲೂ ಇದ್ದಾರೆ.

ಈ ಎರಡೂ ತಾಲೂಕಿನ ಜನಕ್ಕೆ ಎಕ್ಸ್‌ಪ್ರೆಸ್ ಗಾಡಿ ಬಂದಾಗ ಒಂದೇ ತೊಂದರೆ. ಲೋಕಲ್ ಗಾಡಿಯಲ್ಲಿ ರಿಸರ್ವೇಶನ್ ಎಂಬುದಿಲ್ಲ, ಯಾವ ಬಾಗಿಲಲ್ಲಿ ಹತ್ತಿದರೂ ನಡೆಯುತ್ತದೆ. ನಂಜನಗೂಡಿನವರಿಗೆ ಅದು ಅಭ್ಯಾಸ. ನರಸೀಪುರದವರಿಗೆ ಬಸ್ಸಿನ ಅಭ್ಯಾಸ. ಇಬ್ಬರೂ ಚಾಮರಾಜನಗರ–ತಿರುಪತಿ ಎಕ್ಸ್‌ಪ್ರೆಸ್ಸಿನಂಥ ಗಾಡಿಗೆ ಕಾದು ನಿಂತಾಗ ಲೆಕ್ಕ ಬದಲಾಗುತ್ತದೆ. ಜನರಲ್ ಬೇರೆ, ಸ್ಲೀಪರ್ ಬೇರೆ, ಎಸಿ ಬೇರೆ, ಹೆಂಗಸರ ಜಾಗ ಬೇರೆ, ಅಂಗವಿಕಲರ ಜಾಗ ಬೇರೆ. ಯಾವುದು ಎಲ್ಲಿ ನಿಲ್ಲುತ್ತದೆ ಎಂದು ಗಾಡಿ ಕಣ್ಣಿಗೆ ಬೀಳುವ ತನಕ ಗೊತ್ತಾಗುವುದಿಲ್ಲ. ಕಣ್ಣಿಗೆ ಬಿದ್ದ ಮೇಲೆ ಓಡಲು ಹೊತ್ತಿರುವುದಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಹೀಗಾಗುವುದಿಲ್ಲ. ಬಸ್ಸಿನ ಹಣೆ ಮೇಲೆ ದೊಡ್ಡ ಕನ್ನಡ ಅಕ್ಷರದ ಬೋರ್ಡು ಇರುತ್ತದೆ. ಓದು ಬರದವರಿಗೆ ಕಂಡಕ್ಟರು ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಾರೆ. "ಹೋಗುತ್ತಾ ಸಾರ್?" ಎಂದು ಕೇಳಿದರೆ ಅಲ್ಲೇ ಉತ್ತರ ಸಿಗುತ್ತದೆ. ಒಬ್ಬ ಅಜ್ಜಿ ಒಬ್ಬಳೇ ನರಸೀಪುರದಿಂದ ಮೈಸೂರಿಗೆ, ಅಲ್ಲಿಂದ ಮಡಿಕೇರಿಗೆ ಬಸ್ ಬದಲಿಸಿ ಹೋಗಿ ಬರುತ್ತಾಳೆ. ಅವಳೇ ರೈಲು ನಿಲ್ದಾಣಕ್ಕೆ ಬಂದ ತಕ್ಷಣ ದಡ್ಡಿ ಆಗಿಬಿಡುತ್ತಾಳಾ? ಅಲ್ಲಿ ಅವಳಿಗೆ ಹೇಳುವವರು ಯಾರೂ ಇಲ್ಲ, ವ್ಯತ್ಯಾಸ ಅಷ್ಟೇ.

ಎರಡು ನಿಮಿಷದ ಲೆಕ್ಕ

ಈಗಿನ ಎಲ್‌ಎಚ್‌ಬಿ ಬೋಗಿ ಒಂದರ ಉದ್ದ ಸುಮಾರು 23.5 ಮೀಟರ್. 22 ಬೋಗಿಯ ಗಾಡಿ ಅಂದರೆ 517 ಮೀಟರ್. ಮೇಲೆ ಇಂಜಿನ್ ಬೇರೆ. ಅರ್ಧ ಕಿಲೋಮೀಟರಿಗೂ ಜಾಸ್ತಿ ಆಯಿತು. 16 ಬೋಗಿಯ ಗಾಡಿಯಾದರೂ 376 ಮೀಟರ್.

ನಮ್ಮಂಥ ಊರಲ್ಲಿ ಎಕ್ಸ್‌ಪ್ರೆಸ್ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು ಇರುವವರು ಗಂಟೆಗೆ ನಾಲ್ಕು ಕಿಲೋಮೀಟರ್ ವೇಗದಲ್ಲಿ ನಡೆದರೆ ಅದೇ ಹೆಚ್ಚು. ಅಂದರೆ ಎರಡು ನಿಮಿಷಕ್ಕೆ 130 ಮೀಟರ್ ಚಿಲ್ಲರೆ, ಐದೂವರೆ ಬೋಗಿ ದೂರ. ಅದೂ ದಾರಿ ಖಾಲಿ ಇದ್ದರೆ. ಇಳಿಯುವವರು ಎದುರಿಗೆ ಬರುತ್ತಿರುತ್ತಾರೆ, ಹತ್ತುವವರು ಬಾಗಿಲಿಗೆ ಮುತ್ತಿಕೊಂಡಿರುತ್ತಾರೆ.

ನೀವು ನಿಂತ ಜಾಗದಿಂದ ನಿಮ್ಮ ಬೋಗಿ ಹತ್ತು ಬೋಗಿ ಆಚೆ ನಿಂತಿತು ಅನ್ನಿ. 235 ಮೀಟರ್. ನಡೆದು ಹೋಗಲು ಮೂರೂವರೆ ನಿಮಿಷ ಬೇಕು. ಗಾಡಿ ನಿಲ್ಲುವುದು ಎರಡು ನಿಮಿಷ. ಎಷ್ಟೇ ಓದಿದವರಾಗಲಿ, ಎಷ್ಟೇ ಜಾಣರಾಗಲಿ, ಈ ಲೆಕ್ಕ ಕೂಡುವುದಿಲ್ಲ. ಆಗ ಉಳಿಯುವ ದಾರಿ ಮೂರೇ. ಸಿಕ್ಕ ಬೋಗಿಗೆ ಹತ್ತಬೇಕು, ಇಲ್ಲವೇ ಹೊರಟ ಗಾಡಿ ಹಿಡಿದು ಓಡಬೇಕು, ಇಲ್ಲವೇ ಟಿಕೆಟ್ ಕೈಯಲ್ಲಿ ಹಿಡಿದು ಗಾಡಿಯ ಬೆನ್ನು ನೋಡಬೇಕು.

ಈ ಮೂರನ್ನೂ ತಪ್ಪಿಸಲು ಒಂದೇ ಉಪಾಯ. ಗಾಡಿ ಬರುವ ಮೊದಲೇ ಪ್ರಯಾಣಿಕ ಸರಿಯಾದ ಜಾಗದಲ್ಲಿ ನಿಂತಿರಬೇಕು. ಅದಕ್ಕೆ ಅವನಿಗೆ ಮೊದಲೇ ಗೊತ್ತಿರಬೇಕು. ಬುದ್ಧಿ, ಓದು, ಚುರುಕು ಎಲ್ಲ ಆಮೇಲಿನ ಮಾತು.

ಕಡಿಮೆ ದುಡ್ಡಿನವರು ಜಾಸ್ತಿ ನಡೆಯಬೇಕು

ಹೆಚ್ಚಿನ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಜನರಲ್ ಬೋಗಿ ಇರುವುದು ಎರಡು ತುದಿಯಲ್ಲಿ, ಒಂದೆರಡು ಇಂಜಿನ್ ಪಕ್ಕ, ಒಂದೆರಡು ಬಾಲದಲ್ಲಿ. ಎಸಿ, ಸ್ಲೀಪರ್ ಮಧ್ಯದಲ್ಲಿ. ಚಿಕ್ಕ ನಿಲ್ದಾಣಗಳಲ್ಲಿ ಟಿಕೆಟ್ ಕೌಂಟರು, ನೆರಳು, ನೀರಿನ ನಲ್ಲಿ, ಬೆಂಚು ಇರುವುದು ಸಾಮಾನ್ಯವಾಗಿ ಪ್ಲಾಟ್‌ಫಾರಂನ ನಡುವೆ. ಒಳಗೆ ಬಂದ ಬಾಗಿಲೂ ಅಲ್ಲೇ. ಹೀಗಾಗಿ ಎಸಿ ಟಿಕೆಟ್ಟಿನವರು ನಿಂತಲ್ಲೇ ಹತ್ತುತ್ತಾರೆ. ಜನರಲ್ ಟಿಕೆಟ್ಟಿನವರು ಬಿಸಿಲಲ್ಲಿ, ಮಳೆಯಲ್ಲಿ, ಸೂರಿಲ್ಲದ ತುದಿಗೆ ಹೋಗಬೇಕು.

ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಅಂಗವಿಕಲರಿಗೆ ಮೀಸಲಿಟ್ಟ ಜಾಗ ಅನೇಕ ಗಾಡಿಗಳಲ್ಲಿ ಗಾರ್ಡ್ ಇರುವ ಬೋಗಿಯಲ್ಲೇ ಇದೆ. ಅಂದರೆ ತುತ್ತ ತುದಿ. ಕಾಲಿಲ್ಲದವನಿಗೆ ಎಲ್ಲರಿಗಿಂತ ದೂರದ ಬಾಗಿಲು! ಇದನ್ನು ಹೀಗೇ ಇಡಬೇಕಾದ ಕಾರಣ ಏನೇ ಇರಲಿ, ಆ ಬಾಗಿಲು ಈ ಕಡೆಯ ತುದಿಗೋ ಆ ಕಡೆಯ ತುದಿಗೋ ಎಂದಾದರೂ ಮೊದಲೇ ಹೇಳಬೇಡವೇ? ಊರುಗೋಲು ಹಿಡಿದವರು ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ನಿಮಿಷದಲ್ಲಿ ಹೋಗುತ್ತಾರೆಂದು ಯಾವ ಪುಣ್ಯಾತ್ಮ ಅಂದುಕೊಂಡ?

1917ರಲ್ಲಿ ಗಾಂಧೀಜಿ ರೈಲಿನ ಮೂರನೇ ದರ್ಜೆಯ ಬಗ್ಗೆಯೇ ಒಂದು ಪುಟ್ಟ ಹೊತ್ತಗೆ ಬರೆದಿದ್ದರು. ಟಿಕೆಟ್ ಕೊಂಡವರನ್ನು ಕುರಿಗಳಂತೆ ತುಂಬುವುದು, ಗಲೀಜು, ಯಾರೂ ಮಾತಿಗೆ ಸಿಗದಿರುವುದು, ಎಲ್ಲವೂ ಆಗಿನ ದೂರೇ. ಮೂರನೇ ದರ್ಜೆ ಎಂಬ ಹೆಸರು ಹೋಯಿತು. ಆ ದರ್ಜೆಯವರನ್ನು ನಡೆಸಿಕೊಳ್ಳುವ ರೀತಿ ಮಾತ್ರ ಜನರಲ್ ಬೋಗಿಯ ಜೊತೆ ಉಳಿದುಕೊಂಡಿತು.

ಗೊತ್ತಿಲ್ಲ ಅನ್ನುವ ಹಾಗಿಲ್ಲ

"ಬೋಗಿ ಎಲ್ಲಿ ಬರುತ್ತೋ ನಮಗೂ ಗೊತ್ತಿರಲ್ಲ" ಎಂಬ ಉತ್ತರ ಕೆಲವು ಕಡೆ ಸಿಗುತ್ತದೆ. ಇದನ್ನು ಒಪ್ಪಲು ಆಗುವುದಿಲ್ಲ.

ಗಾಡಿ ಹೊರಡುವ ಊರಲ್ಲಿ ಬೋಗಿಗಳನ್ನು ಒಂದರ ಹಿಂದೆ ಒಂದು ಜೋಡಿಸಿಯೇ ಗಾಡಿ ಬಿಡುತ್ತಾರೆ. ರಿಸರ್ವೇಶನ್ ಚಾರ್ಟು ಗಂಟೆಗಟ್ಟಲೆ ಮೊದಲೇ ತಯಾರಾಗುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಉದ್ದಕ್ಕೂ ಬೋಗಿ ನಂಬರ್ ತೋರಿಸುವ ದೀಪದ ಬೋರ್ಡು ಉರಿಯುತ್ತದೆ. ರೈಲ್ವೆಯದೇ ಎನ್‌ಟಿಇಎಸ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಬೋಗಿಗಳ ಸಾಲು ನೋಡಬಹುದು. ಆ್ಯಪ್‌ಗೆ ಗೊತ್ತಿರುವುದು ಸ್ಟೇಷನ್ನಿಗೆ ಗೊತ್ತಿಲ್ಲ ಅಂದರೆ ನಂಬುವುದು ಹೇಗೆ?

ಮುಂಬೈ ಲೋಕಲ್ ರೈಲಿನ ಪ್ಲಾಟ್‌ಫಾರಂಗಳಲ್ಲಿ ಹೆಂಗಸರ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿರುತ್ತಾರೆ. ಅದೂ ಇದೇ ಭಾರತೀಯ ರೈಲ್ವೆ. ನಮ್ಮ ಬೆಂಗಳೂರಿನ ಮೆಟ್ರೋದಲ್ಲಿ ಬಾಗಿಲು ಎಲ್ಲಿ ಬರುತ್ತದೆ ಎಂದು ನೆಲದ ಮೇಲೇ ಗೆರೆ ಇದೆ. ಮೊದಲ ಬೋಗಿ ಹೆಂಗಸರಿಗೆ ಎಂದು ಗೊತ್ತಿರುವುದರಿಂದ ಅವರು ಅಲ್ಲೇ ಹೋಗಿ ನಿಲ್ಲುತ್ತಾರೆ. ಮೆಟ್ರೋ ಬಂದು ಹದಿನೈದು ವರ್ಷವೂ ಆಗುವ ಮುಂಚೆ ನಗರದ ಜನ ಇದನ್ನು ಕಲಿತರು. ಅವರು ನಮಗಿಂತ ಬುದ್ಧಿವಂತರಾಗಿ ಹುಟ್ಟಲಿಲ್ಲ. ಅವರ ಕಾಲ ಕೆಳಗೆ ಗೆರೆ ಇತ್ತು.

ಅವರು ಹೇಳುವ ನೆಪಗಳು

"ಎಲ್ಲರ ಕೈಲೂ ಮೊಬೈಲ್ ಇದೆ, ಆ್ಯಪ್ ನೋಡಲಿ" ಎಂಬುದು ಮೊದಲನೆಯದು. ಈ ಬರಹವನ್ನು ನೀವು ಮೊಬೈಲ್‌ನಲ್ಲೇ ಓದುತ್ತಿದ್ದೀರಿ, ಸರಿ. ನಿಮ್ಮ ಅವ್ವನ ಕೈಲಿರುವುದು ಯಾವ ಫೋನು? ಬಟನ್ ಫೋನಿನಲ್ಲಿ ಆ್ಯಪ್ ಬರುವುದಿಲ್ಲ. ದೊಡ್ಡ ಫೋನಿದ್ದರೂ ಎಸ್, ಬಿ, ಎ, ಎಚ್, ಡಿ ಎಂಬ ಇಂಗ್ಲಿಷ್ ಅಕ್ಷರಗಳ ಸಾಲು ನೋಡಿ ಯಾವುದು ಸ್ಲೀಪರ್, ಯಾವುದು ಎಸಿ ಎಂದು ಬಿಡಿಸಿಕೊಳ್ಳಬೇಕು. ಅದನ್ನೂ ಬಿಡಿಸಿದರು ಅನ್ನಿ. ಇಂಜಿನ್‌ನಿಂದ ಎಂಟನೆಯದು ಎಂದು ಗೊತ್ತಾಯಿತು. ಇಂಜಿನ್ ಈ ಪ್ಲಾಟ್‌ಫಾರಂನಲ್ಲಿ ಯಾವ ಕಂಬದ ಹತ್ತಿರ ನಿಲ್ಲುತ್ತದೆ? ಅದನ್ನು ಆ್ಯಪ್ ಹೇಳುವುದಿಲ್ಲ. ಅದು ಗೊತ್ತಿರುವುದು ದಿನಾ ಅಲ್ಲೇ ಕೆಲಸ ಮಾಡುವವರಿಗೆ.

"ಬೋಗಿಗಳ ಸಾಲು ಬದಲಾಗುತ್ತಿರುತ್ತದೆ" ಎಂಬುದು ಎರಡನೆಯದು. ಬದಲಾಗುವುದು ನಿಜ. ಬೆಂಗಳೂರಿನ ಕಡೆಯಿಂದ ಬಂದು ಹಾಸನದ ಕಡೆ ಹೋಗುವ ಗಾಡಿಗೆ ಮೈಸೂರಲ್ಲಿ ಇಂಜಿನ್ ಆ ತುದಿಯಿಂದ ಈ ತುದಿಗೆ ಬರುತ್ತದೆ. ಮುಂದಿದ್ದದ್ದು ಹಿಂದಾಗುತ್ತದೆ. ಹೀಗೆ ತಲೆ ಕೆಳಗಾಗುವುದು ಕೂಡ ದಿನಾ ಒಂದೇ ಥರ, ಟೈಂಟೇಬಲ್ಲಿನ ಪ್ರಕಾರವೇ ಆಗುತ್ತದೆ. ಯಾವತ್ತೋ ಒಂದು ದಿನ ಬೋಗಿ ಕೆಟ್ಟು ಬೇರೆ ಹಾಕಿದರೆ ಮೈಕಿನಲ್ಲಿ ಹೇಳಲಿ, ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಬದಲಾವಣೆ ಇದೆ ಎಂದರೆ ಹೇಳುವ ಜವಾಬ್ದಾರಿ ಹೆಚ್ಚಾಗಬೇಕು. ಇವರು ಅದನ್ನೇ ಹೇಳದಿರಲು ಕಾರಣ ಮಾಡಿಕೊಂಡಿದ್ದಾರೆ.

"ಸಿಬ್ಬಂದಿ ಇಲ್ಲ, ದುಡ್ಡಿಲ್ಲ" ಎಂಬುದು ಮೂರನೆಯದು. ಅಮೃತ ಭಾರತ ನಿಲ್ದಾಣ ಯೋಜನೆ ಎಂದು 2023ರಲ್ಲಿ ಶುರು ಮಾಡಿ ದೇಶದ 1300ಕ್ಕೂ ಹೆಚ್ಚು ನಿಲ್ದಾಣಗಳಿಗೆ ಹೊಸ ಮುಖ ಕೊಡುವ ಕೆಲಸ ಕೈಗೆತ್ತಿಕೊಂಡಿದ್ದಾರೆ. ಕಮಾನು ಬೇಡ ಅನ್ನುವುದಿಲ್ಲ. ಅದರ ಜೊತೆ ಒಂದು ಡಬ್ಬ ಹಳದಿ ಬಣ್ಣ ತರಲು ಆಗುವುದಿಲ್ಲವೇ? ಗ್ರಾಮ ಪಂಚಾಯ್ತಿಯವರು ಶಾಲೆ ಗೋಡೆ ಮೇಲೆ ಮಗ್ಗಿ ಬರೆಸುತ್ತಾರೆ. ಪ್ಲಾಟ್‌ಫಾರಂ ನೆಲದ ಮೇಲೆ "ಜನರಲ್ ಬೋಗಿ ಇಲ್ಲಿ" ಎಂದು ಬರೆಸಲು ದೆಹಲಿಯಿಂದ ಅನುದಾನ ಬರಬೇಕೇ?

"ಹಳ್ಳಿ ಜನ ಕಲಿಯಲ್ಲ, ನುಗ್ಗುತ್ತಾರೆ" ಎಂಬುದು ನಾಲ್ಕನೆಯದು. ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿರುವುದು ಇದೇ. ಎಲ್ಲಿ ಹತ್ತಬೇಕೆಂದು ಗೊತ್ತಿಲ್ಲದ ಇನ್ನೂರು ಜನ, ಎರಡು ನಿಮಿಷ, ತುಂಬಿದ ಎರಡು ಬೋಗಿ. ಇದನ್ನು ಯಾವ ಊರಲ್ಲಿ ಇಟ್ಟರೂ ನುಗ್ಗಾಟವೇ ಆಗುವುದು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಸಾವಿರಾರು ಜನ ತೇರಿನ ಹಗ್ಗ ಹಿಡಿದು ಎಳೆಯುತ್ತಾರೆ. ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳುವವರಿರುತ್ತಾರೆ, ಜನ ಕೇಳುತ್ತಾರೆ. ಹೇಳಿದರೆ ಕೇಳುವ ಜನವೇ ನಾವು.

ತಪ್ಪು ಬೋಗಿಯ ಬೆಲೆ

ಸಿಕ್ಕ ಬೋಗಿಗೆ ಹತ್ತಿದರೆ ಏನಾಗುತ್ತದೆ? 1989ರ ರೈಲ್ವೆ ಕಾಯ್ದೆಯ 138ನೇ ಕಲಂ ಪ್ರಕಾರ, ಕೆಳದರ್ಜೆಯ ಟಿಕೆಟ್ ಇಟ್ಟುಕೊಂಡು ಮೇಲ್ದರ್ಜೆಯ ಬೋಗಿಯಲ್ಲಿದ್ದರೆ ವ್ಯತ್ಯಾಸದ ದುಡ್ಡಿನ ಜೊತೆ ಕನಿಷ್ಠ 250 ರೂಪಾಯಿ ಹೆಚ್ಚುವರಿ ವಸೂಲಿ ಮಾಡಬಹುದು. 155ನೇ ಕಲಂ ಪ್ರಕಾರ, ರಿಸರ್ವ್ ಆದ ಬೋಗಿಗೆ ಜಾಗವಿಲ್ಲದವರು ಹೊಕ್ಕು, ಬಿಟ್ಟು ಹೋಗಿ ಎಂದರೂ ಹೋಗದಿದ್ದರೆ ಇಳಿಸಬಹುದು, 500 ರೂಪಾಯಿ ತನಕ ದಂಡ ಹಾಕಬಹುದು. ಹೆಂಗಸರ ಬೋಗಿ ಎಂದು ಗೊತ್ತಿದ್ದೂ ಗಂಡಸರು ಹತ್ತಿದರೆ 162ನೇ ಕಲಂ, ಅಲ್ಲೂ 500ರ ತನಕ ದಂಡ. ಹೆಚ್ಚುವರಿ ವಸೂಲಿಯ ಮಟ್ಟಿಗೆ ಬೇಕೆಂದೇ ಹತ್ತಿದವರಿಗೂ ದಾರಿ ತಪ್ಪಿ ಹತ್ತಿದವರಿಗೂ ರಸೀದಿ ಒಂದೇ. ನೂರು ರೂಪಾಯಿಯೊಳಗಿನ ಜನರಲ್ ಟಿಕೆಟ್ ತೆಗೆದ ಕೂಲಿಯವನು ಒಂದು ದಿನದ ಕೂಲಿಯನ್ನು ಅಲ್ಲೇ ಕಳೆದುಕೊಳ್ಳುತ್ತಾನೆ.

ಅದೇ 155ನೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಓದಿ ಹೇಳುವುದಿಲ್ಲ. ರಿಸರ್ವ್ ಆಗದ ಬೋಗಿಗೆ ಹತ್ತಲು ಬಂದ ಪ್ರಯಾಣಿಕನನ್ನು ಒಳಗಿರುವವರು ತಡೆದರೆ ಅವರಿಗೆ 200 ರೂಪಾಯಿ ತನಕ ದಂಡ. ಜನರಲ್ ಬೋಗಿಯ ಬಾಗಿಲನ್ನು ಒಳಗಿಂದ ಚಿಲಕ ಹಾಕಿಕೊಂಡು "ಜಾಗ ಇಲ್ಲ, ಮುಂದಕ್ಕೆ ಹೋಗಿ" ಅನ್ನುವವರು ಇದನ್ನು ತಿಳಿದಿರಲಿ.

ಇನ್ನು ಹೊರಟ ಗಾಡಿ ಹಿಡಿಯಲು ಓಡಿದವರ ಕಥೆ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಕಾಲಂ ಸುದ್ದಿ ಬರುತ್ತದಲ್ಲ, "ಚಲಿಸುತ್ತಿದ್ದ ರೈಲು ಹತ್ತಲು ಹೋಗಿ ಆಯತಪ್ಪಿ ಬಿದ್ದು ಸಾವು" ಎಂದು. ಈ ಸಾಲನ್ನು ನಿಧಾನವಾಗಿ ಓದಿ. ಹತ್ತಲು ಹೋದವನು ಅವನು. ಆಯತಪ್ಪಿದವನು ಅವನು. ಬಿದ್ದವನು ಅವನು. ರೈಲು ಸುಮ್ಮನೆ ಚಲಿಸುತ್ತಿತ್ತು. ಎಷ್ಟು ನಿಮಿಷ ನಿಂತಿತ್ತು, ಅವನ ಬೋಗಿ ಎಷ್ಟು ದೂರದಲ್ಲಿತ್ತು, ಮೈಕಿನಲ್ಲಿ ಏನು ಹೇಳಿದ್ದರು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಪೊಲೀಸ್ ಪ್ರಕಟಣೆಯಲ್ಲಿ ಇಲ್ಲದ ಕಾರಣ ಪತ್ರಿಕೆಯಲ್ಲೂ ಇರುವುದಿಲ್ಲ.

ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಪತ್ರಿಕೆಗಿಂತ ಚೆನ್ನಾಗಿ ಯೋಚಿಸಿದೆ. 2008ರ ಪ್ರಭಾಕರನ್ ವಿಜಯಕುಮಾರ್ ಪ್ರಕರಣದಲ್ಲಿ, ರೈಲು ಹತ್ತಲು ಹೋಗಿ ಬಿದ್ದರೂ ಅದು ರೈಲಿನಿಂದ ಆಕಸ್ಮಿಕವಾಗಿ ಬಿದ್ದ ಹಾಗೆಯೇ, ಪರಿಹಾರ ಕೊಡಬೇಕು ಎಂದಿತು. 2018ರ ರೀನಾ ದೇವಿ ಪ್ರಕರಣದಲ್ಲಿ, ಹತ್ತುವಾಗ ಇಳಿಯುವಾಗ ಆದ ಸಾವು ನೋವಿಗೆ ಪ್ರಯಾಣಿಕನ ಅಜಾಗರೂಕತೆ ಎಂದು ನೆಪ ಹೇಳಿ ಪರಿಹಾರ ತಪ್ಪಿಸುವಂತಿಲ್ಲ ಎಂದಿತು. ಮೈಮೇಲೆ ಟಿಕೆಟ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೂ ಅರ್ಜಿ ತಳ್ಳಿಹಾಕುವಂತಿಲ್ಲ ಎಂದೂ ಹೇಳಿತು. ಸಾವಾದರೆ ಪರಿಹಾರ 8 ಲಕ್ಷ ರೂಪಾಯಿ, 2017ರ ಜನವರಿಯಿಂದ ಈ ಮೊತ್ತ ಇದೆ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. "ತಪ್ಪು ನಮ್ಮವನದೇ" ಎಂದು ಅಳುತ್ತಾ ಸುಮ್ಮನಾದ ಮನೆ ನಿಮ್ಮ ಊರಲ್ಲಿದ್ದರೆ ಇಷ್ಟನ್ನು ಓದಿ ಹೇಳಿ.

ನರಸೀಪುರದವರಿಗೆ ದೆಹಲಿ ದೂರವಲ್ಲ

2025ರ ಫೆಬ್ರವರಿ 10ರಿಂದ 12ರ ತನಕ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನಡೆಯಿತು. ಮೂರೇ ದಿನ ಕಳೆದು, 15ರ ರಾತ್ರಿ, ಪ್ರಯಾಗದ ಕುಂಭಮೇಳಕ್ಕೆ ಹೊರಟಿದ್ದ ಜನರ ನಡುವೆ ನವದೆಹಲಿ ರೈಲು ನಿಲ್ದಾಣದಲ್ಲಿ ಕಾಲ್ತುಳಿತವಾಗಿ 18 ಜನ ಸತ್ತರು. ಪ್ರಯಾಗರಾಜ್ ಎಂಬ ಒಂದೇ ಹೆಸರಿನ ಎರಡು ಗಾಡಿಗಳ ಘೋಷಣೆಯಿಂದ ಜನ ಗೊಂದಲಕ್ಕೆ ಬಿದ್ದರು ಎಂದು ದೆಹಲಿ ಪೊಲೀಸರು ಆಗ ಹೇಳಿದರು. ಆಮೇಲೆ ರೈಲ್ವೆ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ, ಒಬ್ಬ ಪ್ರಯಾಣಿಕನ ತಲೆಹೊರೆ ಮೆಟ್ಟಿಲ ಮೇಲೆ ಬಿದ್ದದ್ದೇ ಶುರು ಎಂದಿತ್ತು.

ಎರಡು ಮಾತನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಮಾಹಿತಿ ಸರಿಯಾಗಿ ಹೇಳಲಿಲ್ಲ ಎಂಬ ಮಾತಿದೆ. ಇನ್ನೊಂದರಲ್ಲಿ ತಪ್ಪು ಮತ್ತೆ ತಲೆ ಮೇಲೆ ಗಂಟು ಹೊತ್ತವನದೇ. ನಮ್ಮ ಪ್ಲಾಟ್‌ಫಾರಂನ ಬೈಗುಳವೇ ದೆಹಲಿಯಲ್ಲಿ ದೊಡ್ಡ ಕಾಗದದ ಮೇಲೆ ಬಂದ ಹಾಗಿದೆ. ಗಾಡಿ ಯಾವುದು, ಪ್ಲಾಟ್‌ಫಾರಂ ಯಾವುದು, ಬೋಗಿ ಯಾವುದು ಎಂಬ ಮೂರು ಮಾತು ಹೊತ್ತಿಗೆ ಸರಿಯಾಗಿ ಕಿವಿಗೆ ಬಿದ್ದರೆ ಜನ ಓಡುವುದಿಲ್ಲ. ಓಡದಿದ್ದರೆ ತುಳಿಯುವುದಿಲ್ಲ.

ಏನು ಮಾಡಬೇಕು, ಯಾರು ಮಾಡಬೇಕು

ಚಾಮರಾಜನಗರ ಮಾರ್ಗ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ಕೆಳಗಿನ ಕೆಲಸಗಳಲ್ಲಿ ಮೊದಲ ನಾಲ್ಕಕ್ಕೆ ಹೊಸ ಯಂತ್ರ ಬೇಡ, ದೊಡ್ಡ ಟೆಂಡರ್ ಬೇಡ.

1. ಪ್ರತಿ ಟಿಕೆಟ್ ಕೌಂಟರಿನ ಪಕ್ಕ ಒಂದು ಬೋರ್ಡು. ಅಲ್ಲಿ ನಿಲ್ಲುವ ಪ್ರತಿ ಎಕ್ಸ್‌ಪ್ರೆಸ್ ಗಾಡಿಯ ಬೋಗಿಗಳ ಸಾಲು, ಕನ್ನಡದಲ್ಲಿ, ಚಿತ್ರ ಸಮೇತ.

2. ಪ್ಲಾಟ್‌ಫಾರಂ ನೆಲದ ಮೇಲೆ ಅಥವಾ ಕಂಬದ ಮೇಲೆ ಬಣ್ಣದ ಗುರುತು. ಜನರಲ್‌ಗೆ ಒಂದು ಬಣ್ಣ, ಹೆಂಗಸರಿಗೆ ಒಂದು, ಅಂಗವಿಕಲರಿಗೆ ಒಂದು. ಓದು ಬರದವರಿಗೂ ಬಣ್ಣ ಕಾಣುತ್ತದೆ.

3. ಗಾಡಿ ಬರುವ ಹದಿನೈದು ನಿಮಿಷ ಮುಂಚೆ ಮತ್ತು ಐದು ನಿಮಿಷ ಮುಂಚೆ ಮೈಕಿನಲ್ಲಿ ಕನ್ನಡದ ಘೋಷಣೆ. "ಜನರಲ್ ಬೋಗಿ ಮೈಸೂರು ಕಡೆ ತುದಿಯಲ್ಲಿ ಎರಡು, ಚಾಮರಾಜನಗರ ಕಡೆ ತುದಿಯಲ್ಲಿ ಎರಡು" ಎಂದು ಊರಿನ ದಿಕ್ಕು ಹೇಳಿದರೆ ಸಾಕು. ಇಂಜಿನ್‌ನಿಂದ ಎಷ್ಟನೆಯದು ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

4. ಟಿಕೆಟ್ ಕೊಡುವವರು ಕೊಡುವಾಗಲೇ ಒಂದು ಮಾತು ಹೇಳುವುದು. "ಹಿಂದ್ಗಡೆ ಹೋಗಿ ನಿಂತ್ಕೊಳಿ" ಎನ್ನಲು ಎರಡು ಸೆಕೆಂಡು ಬೇಕು.

5. ಜಾತ್ರೆ, ಹುಣ್ಣಿಮೆ, ಹಬ್ಬದ ದಿನ ಗಾಡಿ ನಿಲ್ಲುವ ಹೊತ್ತನ್ನು ಹೆಚ್ಚಿಸುವುದು, ಪ್ಲಾಟ್‌ಫಾರಂನ ಎರಡೂ ತುದಿಯಲ್ಲಿ ದಾರಿ ತೋರಿಸಲು ಒಬ್ಬೊಬ್ಬರನ್ನು ನಿಲ್ಲಿಸುವುದು.

ನಾವು ಸುಮ್ಮನೆ ಕೂರುವುದು ಬೇಡ

ಇವೆಲ್ಲ ಆಗುವ ತನಕ ನಿಮ್ಮ ಜೀವ ನಿಮ್ಮ ಕೈಲಿದೆ. ಟಿಕೆಟ್ ತೆಗೆಯುವಾಗಲೇ "ಜನರಲ್ ಬೋಗಿ ಯಾವ ಕಡೆ ತುದಿಗೆ ಬರುತ್ತೆ?" ಎಂದು ಕೇಳಿ. ನಾಚಿಕೆ ಬೇಡ, ಉತ್ತರ ಹೇಳುವ ತನಕ ಕಿಟಕಿ ಬಿಡಬೇಡಿ. ಮನೆಯಿಂದ ಹೊರಡುವಾಗ ಮಕ್ಕಳ ಫೋನಿನಲ್ಲಿ ಬೋಗಿಗಳ ಸಾಲು ನೋಡಿಸಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ. ರಿಸರ್ವ್ ಟಿಕೆಟ್ ಇದ್ದು ಬೋಗಿ ದೂರವಾಯಿತು ಅಂದರೆ ಹತ್ತಿರದ ರಿಸರ್ವ್ ಬೋಗಿಗೆ ಹತ್ತಿ, ಒಳಗಿಂದಲೇ ನಡೆದು ಹೋಗಿ. ಎಸಿ, ಸ್ಲೀಪರ್ ಬೋಗಿಗಳ ನಡುವೆ ಸಾಮಾನ್ಯವಾಗಿ ಓಡಾಡುವ ದಾರಿ ಇರುತ್ತದೆ. ಜನರಲ್ ಬೋಗಿಗೆ ಹೋಗುವ ದಾರಿ ಅನೇಕ ಗಾಡಿಗಳಲ್ಲಿ ಇರುವುದಿಲ್ಲ, ಇದು ನೆನಪಿರಲಿ. ಜನರಲ್ ಟಿಕೆಟ್ಟಿನವರು ತಪ್ಪಿ ಬೇರೆ ಬೋಗಿಗೆ ಹತ್ತಿದ್ದರೆ ಟಿಟಿಇ ಬಂದು ಹಿಡಿಯುವ ತನಕ ಕಾಯಬೇಡಿ, ನೀವೇ ಹೋಗಿ ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬದಲಿಸಿ. ಗಾಡಿ ಹೊರಟಿತೆಂದರೆ ಬಿಟ್ಟುಬಿಡಿ. ಮುಂದಿನ ಗಾಡಿ ಇದ್ದೇ ಇದೆ.

ಆಮೇಲೆ ಬರೆಯಿರಿ. ಸ್ಟೇಷನ್ ಮಾಸ್ಟರ ಹತ್ತಿರ ದೂರು ಪುಸ್ತಕ ಇರುತ್ತದೆ, ಕೇಳಿದರೆ ಕೊಡಬೇಕು. 139ಕ್ಕೆ ಕರೆ ಮಾಡಿ ದೂರು ಕೊಡಬಹುದು, ರೈಲ್ ಮದದ್‌ನಲ್ಲೂ ಹಾಕಬಹುದು. ನಿಮ್ಮ ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿಸಿ. ನಂಜನಗೂಡು, ತಿ. ನರಸೀಪುರ ಎರಡೂ ಮೈಸೂರು ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಚಾಮರಾಜನಗರ ಕ್ಷೇತ್ರಕ್ಕೆ ಸೇರಿವೆ. ಆದ್ದರಿಂದ ನಿರ್ಣಯದ ಪ್ರತಿ ಹೋಗಬೇಕಾದದ್ದು ಚಾಮರಾಜನಗರದ ಸಂಸದರಿಗೆ ಮತ್ತು ಮೈಸೂರು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ.

ಎಲ್ಲಕ್ಕಿಂತ ಗಟ್ಟಿ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಲು ಕಾಯ್ದೆಯ 6ನೇ ಕಲಂ ಅವಕಾಶ ಕೊಟ್ಟಿದೆ. 30 ದಿನದಲ್ಲಿ ಉತ್ತರ ಬರಬೇಕು. ಮೈಸೂರು ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೇಳಬೇಕಾದ ಪ್ರಶ್ನೆ ಇವು:

ಮೈಸೂರು–ಚಾಮರಾಜನಗರ ನಡುವಿನ ಯಾವ ಯಾವ ನಿಲ್ದಾಣದಲ್ಲಿ ಬೋಗಿ ತೋರಿಸುವ ಬೋರ್ಡು ಇದೆ? ಎಲ್ಲಿ ಇಲ್ಲ? ಬೋಗಿಗಳ ಜಾಗವನ್ನು ಕನ್ನಡದಲ್ಲಿ ಘೋಷಿಸಬೇಕೆಂಬ ಆದೇಶ ಇದೆಯೇ, ಇದ್ದರೆ ಪ್ರತಿ ಕೊಡಿ. ಪ್ರತಿ ಎಕ್ಸ್‌ಪ್ರೆಸ್ ಗಾಡಿ ಪ್ರತಿ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲಬೇಕು? ಕಳೆದ ಐದು ವರ್ಷದಲ್ಲಿ ಈ ಮಾರ್ಗದಲ್ಲಿ ಹತ್ತುವಾಗ ಇಳಿಯುವಾಗ ಬಿದ್ದು ಗಾಯಗೊಂಡವರು, ಸತ್ತವರು ಎಷ್ಟು ಜನ? ಅವರಲ್ಲಿ ಎಷ್ಟು ಜನಕ್ಕೆ ಪರಿಹಾರ ಸಿಕ್ಕಿದೆ?

ಈ ಪ್ರಶ್ನೆಗಳನ್ನು ಹಾಗೇ ನಕಲು ಮಾಡಿಕೊಳ್ಳಿ, ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಒಬ್ಬರೇ ಕೇಳಿದರೆ ಕಡತದಲ್ಲಿ ಒಂದು ಕಾಗದ ಹೆಚ್ಚಾಗುತ್ತದೆ. ಕಡಕೊಳದಿಂದ ಬದನಗುಪ್ಪೆ ತನಕ ಊರಿಗೊಬ್ಬರು ಕೇಳಿದರೆ, ಯಾರಾದರೂ ಒಬ್ಬ ಅಧಿಕಾರಿ ಪ್ಲಾಟ್‌ಫಾರಂಗೆ ಇಳಿದು ಬಂದು, ಜನರಲ್ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ತಾವೇ ಹುಡುಕಬೇಕಾಗುತ್ತದೆ. ಉತ್ತರ ಬಂದವರು ಅದರ ಫೋಟೊ ತೆಗೆದು ನಮಗೂ ಕಳಿಸಿ, ಇಲ್ಲೇ ಹಾಕುತ್ತೇವೆ.